ಮಹಿಳಾ ಅಧ್ಯಯನ ವಿಭಾಗವನ್ನು ‘ಲಿಂಗತ್ವ ಅಧ್ಯಯನ’ ಎಂದು ಕರೆಯಬೇಕೇ?

ಓದುಗರ ಪ್ರಶ್ನೆ

“ನಾನು ರಾಜ್ಯದ ಒಂದು ವಿಶ್ವವಿದ್ಯಾಲಯದ ಮಹಿಳಾ ಅಧ್ಯಯನ ವಿಭಾಗದಲ್ಲಿ ಸಹಾಯಕ ಪ್ರಾಧ್ಯಾಪಕಿ, ಪಠ್ಯಕ್ರಮ ರೂಪಿಸುವ ಅಧ್ಯಯನ ಮಂಡಳಿಯ ಸದಸ್ಯೆಯೂ ಹೌದು. ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ವಿಭಾಗದ ಹೆಸರನ್ನು ‘ಲಿಂಗತ್ವ ಅಧ್ಯಯನ (ಜೆಂಡರ್ ಸ್ಟಡೀಸ್) ವಿಭಾಗ’ ಎಂದು ಬದಲಿಸುವ ಪ್ರಸ್ತಾವ ಬಂದಿದೆ. ವಿಭಾಗವನ್ನು ಕಟ್ಟಿ ಬೆಳೆಸಿದ ಹಿರಿಯರು ‘ಹೆಸರು ಹೋದರೆ ಹೆಣ್ಣಿನ ಪ್ರಶ್ನೆಯೂ ಹೋಗುತ್ತದೆ, ಅನುದಾನವೂ ಹೋಗುತ್ತದೆ’ ಎನ್ನುತ್ತಾರೆ. ಕಿರಿಯ ಸಂಶೋಧಕರು ‘ಮಹಿಳೆ ಎಂದಷ್ಟೇ ಹೇಳಿದರೆ ಟ್ರಾನ್ಸ್‌ಜೆಂಡರ್ ವಿದ್ಯಾರ್ಥಿಗಳು ಹೊರಗುಳಿಯುತ್ತಾರೆ, ಹೊರಗೆ ಎಲ್ಲ ಕಡೆ ಈ ಹೆಸರು ಬದಲಾಗಿದೆ’ ಎನ್ನುತ್ತಾರೆ. ಆಡಳಿತದವರ ಲೆಕ್ಕದಲ್ಲಿ ಹೆಸರು ಬದಲಾದರೆ ಹುಡುಗರೂ ಸೇರುತ್ತಾರೆ, ಪ್ರವೇಶ ಹೆಚ್ಚುತ್ತದೆ. ಎಂ.ಎ. ಓದುತ್ತಿರುವ ಹುಡುಗಿಯರು ಮಾತ್ರ ‘ಮೇಡಂ, ಹೊಸ ಹೆಸರಿನ ಡಿಗ್ರಿ ನೆಟ್ (ಅಧ್ಯಾಪಕ ಹುದ್ದೆಯ ಅರ್ಹತಾ) ಪರೀಕ್ಷೆಗೆ ನಡೆಯುತ್ತದಾ?’ ಎಂದು ದಿನವೂ ಕೇಳುತ್ತಿದ್ದಾರೆ. ಎಲ್ಲರ ಮಾತಿನಲ್ಲೂ ನಿಜವಿದೆ ಅನ್ನಿಸುತ್ತದೆ. ಸಭೆಯಲ್ಲಿ ನಾನು ಯಾವ ಕಡೆ ಕೈ ಎತ್ತಲಿ?”

ತಜ್ಞರ ಉತ್ತರ

ನಿಮ್ಮ ಪತ್ರದಲ್ಲಿ ನಾಲ್ಕು ಗುಂಪಿನವರು ಮಾತನಾಡಿದ್ದಾರೆ, ಆದರೆ ಅವರು ಮಾತನಾಡುತ್ತಿರುವ ವಿಷಯ ಒಂದೇ ಆಗಿಲ್ಲ. ಹಿರಿಯರ ಚಿಂತೆ ಸಂಸ್ಥೆಯ ಭದ್ರತೆ, ಕಿರಿಯರದು ವಿಷಯದ ವ್ಯಾಪ್ತಿ, ಆಡಳಿತದ್ದು ಪ್ರವೇಶದ ಸಂಖ್ಯೆ, ವಿದ್ಯಾರ್ಥಿನಿಯರದು ಪದವಿಯ ಮಾನ್ಯತೆ. ಈ ನಾಲ್ಕನ್ನೂ ಕಾರ್ಯಸೂಚಿಯ ಒಂದೇ ಬಾಬಿಗೆ ಸೇರಿಸಿರುವುದರಿಂದಲೇ ಎಲ್ಲರ ಮಾತೂ ಸರಿ ಎಂದು ನಿಮಗೆ ತೋರುತ್ತಿದೆ. ಈ ವಿಷಯವನ್ನು ಬಹುಕಾಲ ಪಾಠ ಮಾಡಿ, ಹಲವು ಅಧ್ಯಯನ ಮಂಡಳಿಗಳಲ್ಲಿ ಕುಳಿತವಳಾಗಿ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ‘ಮಹಿಳಾ’ ಎಂಬುದನ್ನು ತೆಗೆದು ಆ ಜಾಗದಲ್ಲಿ ‘ಲಿಂಗತ್ವ’ ಎಂದು ಬರೆಯುವ ಪ್ರಸ್ತಾವಕ್ಕೆ ನೀವು ಒಪ್ಪಬಾರದು. ‘ಮಹಿಳಾ ಮತ್ತು ಲಿಂಗತ್ವ ಅಧ್ಯಯನ’ ಎಂದು ಸೇರಿಸುವುದಾದರೆ, ಕೆಲವು ಷರತ್ತುಗಳು ನಡಾವಳಿಯಲ್ಲಿ ದಾಖಲಾದ ಮೇಲೆ ಒಪ್ಪಬಹುದು. ಈ ನಿಲುವಿಗೆ ಕಾರಣಗಳನ್ನು ತಿಳಿದುಕೊಂಡರೆ ಸಭೆಯಲ್ಲಿ ಎದುರಾಗುವ ಪ್ರಶ್ನೆಗಳಿಗೆ ನೀವೇ ಉತ್ತರ ಕೊಡಬಲ್ಲಿರಿ.

ಹಿರಿಯರಿಂದ ಆರಂಭಿಸುತ್ತೇನೆ, ಏಕೆಂದರೆ ಅವರ ಆತಂಕವನ್ನು ಹಳೆಯ ಹೆಸರಿನ ಮೇಲಿನ ಮೋಹ ಎಂದು ತಳ್ಳಿಹಾಕುವುದು ಈಗ ರೂಢಿಯಾಗಿದೆ. ನಮ್ಮ ದೇಶದಲ್ಲಿ ಈ ವಿಷಯಕ್ಕೆ ‘ಮಹಿಳಾ’ ಎಂಬ ಹೆಸರು ಬಂದದ್ದು ಒಂದು ನಿರ್ದಿಷ್ಟ ಕಾರಣದಿಂದ. 1971ರಲ್ಲಿ ಭಾರತ ಸರ್ಕಾರ ಮಹಿಳೆಯರ ಸ್ಥಿತಿಗತಿಯ ಅಧ್ಯಯನಕ್ಕೆ ಒಂದು ಸಮಿತಿಯನ್ನು ನೇಮಿಸಿತು. ಫೂಲರೇಣು ಗುಹಾ ಅದರ ಅಧ್ಯಕ್ಷೆ, ವೀಣಾ ಮಜುಂದಾರ್ ಸದಸ್ಯ ಕಾರ್ಯದರ್ಶಿ. 1974ರ ಕೊನೆಗೆ ಸಿದ್ಧವಾದ ಆ ವರದಿ ದೇಶದ ವಿದ್ಯಾವಂತ ವರ್ಗ ಅಲ್ಲಿಯವರೆಗೆ ನಂಬಿಕೊಂಡಿದ್ದ ಪ್ರಗತಿಯ ಕಥೆಯನ್ನು ಬುಡಮೇಲು ಮಾಡಿತು. 1901ರಲ್ಲಿ ಸಾವಿರ ಗಂಡಸರಿಗೆ 972 ಹೆಂಗಸರಿದ್ದ ದೇಶದಲ್ಲಿ 1971ರ ಜನಗಣತಿಯ ಹೊತ್ತಿಗೆ 930 ಹೆಂಗಸರಷ್ಟೇ ಉಳಿದಿದ್ದರು. ಅರ್ಥಶಾಸ್ತ್ರ, ಸಮಾಜಶಾಸ್ತ್ರ, ಇತಿಹಾಸ ವಿಭಾಗಗಳು ದಶಕಗಳಿಂದ ಇದ್ದರೂ ಈ ಇಳಿಕೆ ಅವುಗಳ ಪಠ್ಯದಲ್ಲಿ ಒಂದು ಸಮಸ್ಯೆಯಾಗಿ ಎಲ್ಲೂ ಕಾಣಿಸಿಕೊಂಡಿರಲಿಲ್ಲ. ಮುಂಬೈಯ ಎಸ್‌.ಎನ್‌.ಡಿ.ಟಿ. ಮಹಿಳಾ ವಿಶ್ವವಿದ್ಯಾಲಯದಲ್ಲಿ 1974ರಲ್ಲಿ ನೀರಾ ದೇಸಾಯಿ ಆರಂಭಿಸಿದ ಸಂಶೋಧನಾ ಘಟಕ, 1981ರಲ್ಲಿ ಅಲ್ಲೇ ನಡೆದ ಮೊದಲ ರಾಷ್ಟ್ರೀಯ ಸಮ್ಮೇಳನ, ಅದರ ಬೆನ್ನಿಗೆ 1982ರಲ್ಲಿ ರೂಪುಗೊಂಡ ಭಾರತೀಯ ಮಹಿಳಾ ಅಧ್ಯಯನ ಸಂಘ, ಇವೆಲ್ಲವೂ ಆ ಮೌನಕ್ಕೆ ಕೊಟ್ಟ ಉತ್ತರಗಳು. 1986ರ ರಾಷ್ಟ್ರೀಯ ಶಿಕ್ಷಣ ನೀತಿ ಮಹಿಳಾ ಅಧ್ಯಯನವನ್ನು ಪ್ರೋತ್ಸಾಹಿಸಬೇಕೆಂದು ಹೇಳಿದ ಮೇಲೆ ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) ನೆರವಿನಿಂದ ವಿಶ್ವವಿದ್ಯಾಲಯಗಳಲ್ಲಿ ಕೇಂದ್ರಗಳು ತೆರೆದವು. ಅದೇ ನೀತಿಯ ಆಶಯದಿಂದ ಹುಟ್ಟಿದ, ಹಳ್ಳಿಯ ಹೆಂಗಸರನ್ನು ಸಂಘಟಿಸುವ ಮಹಿಳಾ ಸಮಖ್ಯಾ ಕಾರ್ಯಕ್ರಮವು ಮೊದಲು ಕಾಲಿಟ್ಟ ಮೂರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಹಳ್ಳಿಯ ಸಂಘಗಳಲ್ಲಿ ಕೂಲಿ, ಕುಡಿತ, ಹೊಡೆತಗಳ ಬಗ್ಗೆ ಹೆಂಗಸರು ಆಡುತ್ತಿದ್ದ ಮಾತುಗಳೇ ನಮ್ಮ ತರಗತಿಗಳಿಗೆ ಪಠ್ಯವಾಗಿ ಬಂದವು.

ಈ ಹೆಸರನ್ನು ಬದಲಿಸುವ ಪ್ರಯತ್ನ ಹಿಂದೆಯೂ ಒಮ್ಮೆ ನಡೆದಿತ್ತು ಎಂಬುದು ನಿಮ್ಮ ಕಿರಿಯ ಸಹೋದ್ಯೋಗಿಗಳಿಗೆ ಗೊತ್ತಿರಲಿಕ್ಕಿಲ್ಲ. ಹತ್ತನೇ ಪಂಚವಾರ್ಷಿಕ ಯೋಜನೆಯ ಆರಂಭದ ವರ್ಷಗಳಲ್ಲಿ ಈ ಕೇಂದ್ರಗಳನ್ನು ‘ಮಹಿಳಾ ಮತ್ತು ಕುಟುಂಬ ಅಧ್ಯಯನ ಕೇಂದ್ರ’ಗಳೆಂದು ಕರೆಯುವ ಕ್ರಮಕ್ಕೆ ಯುಜಿಸಿ ಮುಂದಾಗಿತ್ತು. ಹೆಣ್ಣನ್ನು ಕುಟುಂಬದ ಹೊರಗೂ ಒಬ್ಬ ವ್ಯಕ್ತಿಯಾಗಿ, ದುಡಿಯುವವಳಾಗಿ, ಪ್ರಜೆಯಾಗಿ ನೋಡಬೇಕೆಂದು ಹೊರಟ ವಿಷಯವನ್ನು ಮತ್ತೆ ಮನೆಯೊಳಕ್ಕೆ ಕಳುಹಿಸುವ ಹೆಸರು ಅದು. ದೇಶದ ಉದ್ದಗಲಕ್ಕೂ ಈ ಕ್ಷೇತ್ರದ ಅಧ್ಯಾಪಕಿಯರು ಪ್ರತಿಭಟಿಸಿದ್ದರಿಂದ ಅದು ಕೈಬಿಟ್ಟುಹೋಯಿತು. ಆ ಹೋರಾಟದಲ್ಲಿ ಪಾಲ್ಗೊಂಡವರಿಗೆ ‘ಹೆಸರು ಬದಲಾವಣೆ’ ಎಂಬ ಮಾತು ಕಿವಿಗೆ ಬಿದ್ದೊಡನೆ ಅನುಮಾನ ಬರುವುದು ತೀರಾ ಸಹಜ, ಮತ್ತು ಆ ಅನುಮಾನ ನಮ್ಮ ವಿಷಯಕ್ಕೆ ಒಳ್ಳೆಯದನ್ನೇ ಮಾಡಿದೆ.

ಆದರೂ ‘ಹೆಸರು ಹೋದರೆ ಅನುದಾನ ಹೋಗುತ್ತದೆ’ ಎಂಬ ಅವರ ಮಾತನ್ನು ಪೂರ್ತಿ ಒಪ್ಪಲಾಗದು. ಹೆಸರು ಇದ್ದ ಹಾಗೆಯೇ ಇದ್ದಾಗಲೂ ಹಣ ಅಲುಗಾಡಿದೆ. 2017ರಲ್ಲಿ ಹನ್ನೆರಡನೇ ಯೋಜನೆ ಮುಗಿದು, ಪಂಚವಾರ್ಷಿಕ ಯೋಜನೆಯ ಪದ್ಧತಿಯೇ ನಿಂತುಹೋದಾಗ, ದೇಶದ ಮಹಿಳಾ ಅಧ್ಯಯನ ಕೇಂದ್ರಗಳು ಮುಂದಿನ ಅನುದಾನ ಬರುತ್ತದೋ ಇಲ್ಲವೋ ಎಂಬ ಅನಿಶ್ಚಿತತೆಯಲ್ಲಿ ಒದ್ದಾಡಬೇಕಾಯಿತು. ನಿಜವಾದ ಅಪಾಯ ನಿಮ್ಮ ವಿಭಾಗದ ಆಡಳಿತಾತ್ಮಕ ಸ್ವರೂಪದಲ್ಲಿದೆ. ಯುಜಿಸಿ ಯೋಜನೆಯಡಿ ನಡೆಯುವ ‘ಕೇಂದ್ರ’ ಮತ್ತು ರಾಜ್ಯ ಸರ್ಕಾರ ಮಂಜೂರು ಮಾಡಿದ ಹುದ್ದೆಗಳಿರುವ ‘ವಿಭಾಗ’ ಇವೆರಡರ ನಡುವೆ ಅಜಗಜಾಂತರವಿದೆ. ಯೋಜನೆಯಡಿಯ ಕೇಂದ್ರಕ್ಕೆ ಹಣ ಬರುವುದು ಮಹಿಳಾ ಅಧ್ಯಯನ ಎಂಬ ಶೀರ್ಷಿಕೆಯ ಅಡಿಯಲ್ಲಿ. ಬೇರೆ ಹೆಸರಿನ ಕೇಂದ್ರ ಅದೇ ಶೀರ್ಷಿಕೆಯಲ್ಲಿ ಹಣ ಕೇಳಿದಾಗ ಒಬ್ಬ ಲೆಕ್ಕಪರಿಶೋಧಕರ ಒಂದು ಸಾಲಿನ ಆಕ್ಷೇಪಣೆ ಸಾಕು, ಕಡತ ವರ್ಷಗಟ್ಟಲೆ ನಿಲ್ಲುತ್ತದೆ. ಮಂಜೂರಾದ ಹುದ್ದೆಗಳಿರುವ ವಿಭಾಗದಲ್ಲಿ ಅಪಾಯ ಬೇರೆ ಬಗೆಯದು. ಹುದ್ದೆ ಮಂಜೂರಾದದ್ದು ಮಹಿಳಾ ಅಧ್ಯಯನದ ಹೆಸರಿನಲ್ಲಿ, ಮೀಸಲಾತಿ ರೋಸ್ಟರ್ (ಯಾವ ಹುದ್ದೆ ಯಾವ ವರ್ಗಕ್ಕೆ ಎಂಬ ಸರದಿ ಪಟ್ಟಿ) ಇರುವುದೂ ಅದೇ ಹೆಸರಿನಲ್ಲಿ. ನಿವೃತ್ತಿಯಿಂದ ತೆರವಾದ ಹುದ್ದೆಯನ್ನು ತುಂಬುವಾಗ ‘ಈ ಹೆಸರಿನ ವಿಭಾಗವೇ ಈಗ ಇಲ್ಲವಲ್ಲ’ ಎಂಬ ಟಿಪ್ಪಣಿ ಬರೆಯಲು ಯಾರಿಗೂ ಕಷ್ಟವಿಲ್ಲ. ಆದ್ದರಿಂದ ಸಭೆಗೆ ಮುನ್ನ ನಿಮ್ಮ ವಿಭಾಗದ ಸ್ಥಾಪನಾ ಆದೇಶ ಮತ್ತು ಹುದ್ದೆ ಮಂಜೂರಾತಿ ಆದೇಶಗಳನ್ನು ಕಚೇರಿಯಿಂದ ತರಿಸಿ ಓದಿ. ಈ ಎರಡು ಕಾಗದಗಳನ್ನು ನೋಡದೆ ಹೆಸರಿನ ಬಗ್ಗೆ ಯಾರೂ ಮತ ಹಾಕಬಾರದು.

ಇನ್ನು ವಿಷಯದ ವ್ಯಾಪ್ತಿ. ‘ಲಿಂಗತ್ವ’ ಎಂಬ ಪರಿಕಲ್ಪನೆಯ ಬಗ್ಗೆ ನಮ್ಮ ಕ್ಯಾಂಪಸ್ಸುಗಳಲ್ಲಿ ಹಲವು ತಪ್ಪು ತಿಳಿವಳಿಕೆಗಳಿವೆ. ಅದು ಮಹಿಳಾ ಅಧ್ಯಯನಕ್ಕೆ ಹೊರಗಿನಿಂದ ಬಂದ ಎದುರಾಳಿ ಎಂಬುದು ಮೊದಲನೆಯದು. ವಾಸ್ತವದಲ್ಲಿ ಅದು ಬೆಳೆದದ್ದು ಮಹಿಳಾ ಅಧ್ಯಯನದ ಒಳಗೇ. ಅಮೆರಿಕದ ಸ್ಯಾನ್ ಡಿಯೇಗೊ ಸ್ಟೇಟ್ ಕಾಲೇಜಿನಲ್ಲಿ (ಈಗಿನ ಸ್ಯಾನ್ ಡಿಯೇಗೊ ಸ್ಟೇಟ್ ವಿಶ್ವವಿದ್ಯಾಲಯ) 1970ರಲ್ಲಿ ಮಹಿಳಾ ಅಧ್ಯಯನದ ಕಾರ್ಯಕ್ರಮ ಶುರುವಾದ ಕಾಲದಿಂದಲೂ, ಹೆಣ್ಣಿನ ಸ್ಥಾನ ಅವಳ ದೇಹದಿಂದ ನಿಗದಿಯಾಗುತ್ತದೆಯೋ ಸಮಾಜದ ಏರ್ಪಾಟಿನಿಂದಲೋ ಎಂಬ ಚರ್ಚೆ ನಡೆಯುತ್ತಲೇ ಇತ್ತು. ಇತಿಹಾಸಕಾರ್ತಿ ಜೋನ್ ಸ್ಕಾಟ್ 1986ರಲ್ಲಿ ಬರೆದ ಪ್ರಬಂಧವೊಂದು ಲಿಂಗತ್ವವನ್ನು ಅಧಿಕಾರದ ಸಂಬಂಧವಾಗಿ ನೋಡಬೇಕೆಂದು ವಾದಿಸಿ, ಹೆಂಗಸರ ಬದುಕಿಗೆ ನೇರ ಸಂಬಂಧವಿಲ್ಲದಂತೆ ಕಾಣುವ ರಾಜಕೀಯ, ಯುದ್ಧ, ಆಡಳಿತಗಳ ಇತಿಹಾಸವನ್ನೂ ಈ ಕಣ್ಣಿನಿಂದ ಓದಲು ದಾರಿ ಮಾಡಿತು. ಎರಡನೆಯ ತಪ್ಪು ತಿಳಿವಳಿಕೆಯೆಂದರೆ ಲಿಂಗತ್ವ ಅಧ್ಯಯನ ಅಂದರೆ ಟ್ರಾನ್ಸ್‌ಜೆಂಡರ್ ಸಮುದಾಯದ ಅಧ್ಯಯನ ಎಂಬುದು. ಮೂರನೆಯದು, ಹೆಣ್ಣು ಗಂಡು ಇಬ್ಬರಿಗೂ ಅರ್ಧರ್ಧ ಪುಟ ಹಂಚಿಕೊಡುವುದೇ ಲಿಂಗತ್ವ ಅಧ್ಯಯನ ಎಂಬುದು. ಈ ಎರಡೂ ಸರಿಯಲ್ಲ. ಯಾವ ದೇಹಕ್ಕೆ ಯಾವ ಕೆಲಸ, ಯಾವ ಆಸ್ತಿ, ಯಾವ ಮಾನ, ಯಾವ ಭಯ ಎಂದು ಸಮಾಜ ಗೊತ್ತುಮಾಡುವ ಬಗೆಯನ್ನು ಶೋಧಿಸುವುದು ಅದರ ಕೆಲಸ, ಮತ್ತು ಆ ಏರ್ಪಾಟಿನಲ್ಲಿ ಮೇಲಿರುವವರು ಯಾರು, ಕೆಳಗಿರುವವರು ಯಾರು ಎಂಬುದನ್ನು ಅದು ಮರೆಯುವಂತಿಲ್ಲ.

ಒಂದು ಸಂಗತಿಯನ್ನು ಹತ್ತಿರದಿಂದ ನೋಡಿದರೆ ಎರಡೂ ದೃಷ್ಟಿಗಳು ಏಕೆ ಬೇಕೆಂಬುದು ತಿಳಿಯುತ್ತದೆ. ನಮ್ಮ ರಾಜ್ಯದ ಯಾವುದೇ ಒಣಭೂಮಿಯ ಜಿಲ್ಲೆಯಲ್ಲಿ ರೈತನೊಬ್ಬ ಸಾಲದ ಹೊರೆಯಿಂದ ಆತ್ಮಹತ್ಯೆ ಮಾಡಿಕೊಂಡಿದ್ದಾನೆ ಎಂದಿಟ್ಟುಕೊಳ್ಳಿ. ಮಹಿಳಾ ಅಧ್ಯಯನದ ವಿದ್ಯಾರ್ಥಿನಿ ಮೊದಲು ಹೋಗುವುದು ಅವನ ಹೆಂಡತಿಯ ಬಳಿಗೆ. ಪರಿಹಾರದ ಅರ್ಜಿಗೆ ಪಹಣಿ ಬೇಕು, ವಂಶವೃಕ್ಷ ಬೇಕು, ಬ್ಯಾಂಕಿನ ಸಾಲದ ದಾಖಲೆ ಬೇಕು. ಜಮೀನು ಇನ್ನೂ ಮಾವನ ಹೆಸರಿನಲ್ಲೇ ಇರುತ್ತದೆ, ಗಂಡ ತಂದ ಕೈಸಾಲಕ್ಕೆ ದಾಖಲೆ ಇರುವುದಿಲ್ಲ, ಸ್ವಸಹಾಯ ಸಂಘದಲ್ಲಿ ಅವಳ ಹೆಸರಿನಲ್ಲೇ ಎತ್ತಿ ಗಂಡನ ಬೋರ್‌ವೆಲ್‌ಗೆ ಸುರಿದ ಸಾಲವನ್ನು ಯಾರೂ ರೈತನ ಸಾಲವೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ, ಆದರೆ ಆ ಸಾಲದ ವಾರದ ಕಂತು ನಿಲ್ಲುವುದೂ ಇಲ್ಲ. ಅದೇ ಹೊಲದಲ್ಲಿ ಜೀವಮಾನವಿಡೀ ಬಿತ್ತಿ ಕಳೆ ತೆಗೆದ ಹೆಂಗಸು ಆತ್ಮಹತ್ಯೆ ಮಾಡಿಕೊಂಡರೆ, ಪಹಣಿಯಲ್ಲಿ ಅವಳ ಹೆಸರಿಲ್ಲದ ಕಾರಣ, ಅವಳ ಸಾವು ದಾಖಲೆಯಲ್ಲಿ ‘ಗೃಹಿಣಿ’ಯ ಸಾವಾಗಿ ಸೇರಿಬಿಡುವುದುಂಟು. ಈ ಪ್ರಶ್ನೆಗಳನ್ನು ಕೇಳಲು ‘ಮಹಿಳೆ’ ಎಂಬ ಪದ ಇಟ್ಟುಕೊಂಡೇ ಹೊರಡಬೇಕು. ಆದರೆ ಅದೇ ಮನೆಯಲ್ಲಿ ಇನ್ನೊಂದು ಪ್ರಶ್ನೆಯೂ ಕಾದಿರುತ್ತದೆ: ಅಷ್ಟು ಸಾಲವನ್ನು ಅವನು ಹೆಂಡತಿಗೆ ಏಕೆ ಹೇಳಲಿಲ್ಲ? ಮಗಳ ಮದುವೆಯನ್ನು ಊರಿನ ಮುಂದೆ ತಲೆ ತಗ್ಗದಂತೆ ಮಾಡಬೇಕು, ಕಷ್ಟವನ್ನು ಬಾಯಿಬಿಟ್ಟು ಹೇಳಬಾರದು, ಮನೆ ನಡೆಸಲಾರದವನು ಗಂಡಸೇ ಅಲ್ಲ ಎಂಬ ಒತ್ತಡ ಅವನ ಮೇಲೆ ಹೇಗೆ ಕೆಲಸ ಮಾಡಿತು? ಇದು ಲಿಂಗತ್ವದ ಪ್ರಶ್ನೆ. ಹೆಂಡತಿಯ ಪಹಣಿಯ ಪ್ರಶ್ನೆಯನ್ನು ಬಿಟ್ಟು ಗಂಡನ ಒತ್ತಡವನ್ನಷ್ಟೇ ಓದಿದರೆ ಕರುಣೆ ಮಾತ್ರ ಉಳಿಯುತ್ತದೆ, ಆಸ್ತಿಯ ಹಕ್ಕು ಮಾಯವಾಗುತ್ತದೆ. ಬರೀ ಪಹಣಿಯನ್ನು ಓದಿದರೆ ಮುಂದಿನ ಸಾವನ್ನು ತಡೆಯುವ ದಾರಿ ಸಿಗುವುದಿಲ್ಲ.

ಆಸ್ತಿಯ ವಿಷಯದಲ್ಲಿ ಇದನ್ನು ಇನ್ನೂ ಮುಂದಕ್ಕೆ ಒಯ್ಯಬಹುದು. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಪಾಲು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲೇ ಜಾರಿಗೆ ಬಂತು. ಇಡೀ ದೇಶಕ್ಕೆ ಆ ಹಕ್ಕು ಬರಲು 2005ರವರೆಗೆ ಕಾಯಬೇಕಾಯಿತು. ಆದರೂ ಉಪನೋಂದಣಾಧಿಕಾರಿಗಳ ಕಚೇರಿಯ ಎದುರು ಒಂದು ದಿನ ನಿಂತರೆ ಅಣ್ಣತಮ್ಮಂದಿರ ಪರವಾಗಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಹೊರಬರುವ ಅಕ್ಕತಂಗಿಯರನ್ನು ನಿಮ್ಮ ವಿದ್ಯಾರ್ಥಿಗಳು ಕಾಣುತ್ತಾರೆ. ಕಾನೂನು ಮಹಿಳೆಗೆ ಹಕ್ಕು ಕೊಟ್ಟಿತು, ತವರಿನ ಬಾಗಿಲು ಮುಚ್ಚೀತು ಎಂಬ ಭಯ ಅದನ್ನು ಹಿಂದಕ್ಕೆ ಪಡೆಯಿತು. ಇದನ್ನು ಕಲಿಸಲು ಕಾನೂನಿನ ಪಾಠವೂ ಬೇಕು, ಸಂಬಂಧಗಳ ಪಾಠವೂ ಬೇಕು.

‘ಮಹಿಳೆ’ ಎಂಬ ಪದ ಸಾಲದೆ ಹೋಗುವ ಜಾಗವೂ ನಮ್ಮಲ್ಲಿದೆ. ಸವದತ್ತಿಯ ಎಲ್ಲಮ್ಮನಿಗೆ ಬಿಟ್ಟ ದೇವದಾಸಿಯರ ಬಗ್ಗೆ, 1982ರ ದೇವದಾಸಿ ನಿಷೇಧ ಕಾಯ್ದೆಯ ಬಗ್ಗೆ ಬಹಳಷ್ಟು ಮಹಿಳಾ ಅಧ್ಯಯನ ಪಠ್ಯಗಳಲ್ಲಿ ಒಂದು ಘಟಕ ಇರುತ್ತದೆ. ಅದೇ ದೇವಿಗೆ ಮುತ್ತು ಕಟ್ಟಿಸಿಕೊಂಡು ಜೋಗತಿಯರಾಗಿ ಬದುಕುವ, ಹುಟ್ಟುವಾಗ ಗಂಡೆಂದು ಗುರುತಿಸಲ್ಪಟ್ಟ ಜೋಗಪ್ಪಗಳು ಆ ಘಟಕದಲ್ಲಿ ಕಾಣಿಸುವುದು ಅಪರೂಪ. ಇಬ್ಬರೂ ಒಂದೇ ಜಾತ್ರೆಯಲ್ಲಿ, ಬಹುಮಟ್ಟಿಗೆ ಒಂದೇ ಬಡತನದಲ್ಲಿ ಇರುವವರು. ಜೋಗತಿ ನೃತ್ಯದ ಪರಂಪರೆಯಿಂದ ಬಂದ ಮಂಜಮ್ಮ ಜೋಗತಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ, 2021ರಲ್ಲಿ ಪದ್ಮಶ್ರೀ ಪಡೆದ ಮೇಲೂ ನಮ್ಮ ಪಠ್ಯಕ್ರಮ ಅವರ ಸಮುದಾಯವನ್ನು ಪಕ್ಕದ ವಿಭಾಗದ ವಸ್ತುವೆಂದು ಬಿಟ್ಟುಬಿಟ್ಟರೆ ಅದು ಜ್ಞಾನದ ದೃಷ್ಟಿಯಿಂದಲೇ ತಪ್ಪು. ಕಿರಿಯ ಸಂಶೋಧಕರ ಮಾತು ಇಲ್ಲಿ ಪೂರ್ಣವಾಗಿ ಸರಿ, ನಾನು ಅವರ ಜೊತೆಗಿದ್ದೇನೆ.

ಹಾಗಿದ್ದ ಮೇಲೆ ಪೂರ್ತಿ ಬದಲಿಸಲು ಏನು ಅಡ್ಡಿ ಎಂದು ಅವರು ಕೇಳಬಹುದು. 2023ರ ಕೊನೆಯಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಭ್ರೂಣಲಿಂಗ ಪತ್ತೆ ಮಾಡುತ್ತಿದ್ದ ಜಾಲ ಬಯಲಾಯಿತು. ಪತ್ತೆಯನ್ನು ನಿಷೇಧಿಸುವ ಕಾಯ್ದೆ 1994ರಿಂದ ಇದೆ. ಅಲ್ಲಿ ಲೆಕ್ಕಕ್ಕೆ ಸಿಗದೆ ಹೋದದ್ದು ಹೆಣ್ಣು ಭ್ರೂಣ, ‘ಲಿಂಗತ್ವ’ ಎಂಬ ಸಾಮಾನ್ಯ ಪದದೊಳಗೆ ಆ ನಿರ್ದಿಷ್ಟತೆ ಕಾಣುವುದಿಲ್ಲ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವವರ ಪೈಕಿ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ದುಡಿಯುತ್ತಿದ್ದರು. 1974ರ ವರದಿ ಎತ್ತಿದ ಪ್ರಶ್ನೆಗಳು ಮುಗಿದಿದ್ದರೆ ಹೆಸರನ್ನೂ ಬೀಳ್ಕೊಡಬಹುದಿತ್ತು, ಅವು ಮುಗಿದಿಲ್ಲ. ಜೊತೆಗೆ ವಿಶ್ವಸಂಸ್ಥೆ 1995ರಲ್ಲಿ ಬೀಜಿಂಗ್‌ನಲ್ಲಿ ನಡೆಸಿದ ಮಹಿಳಾ ಸಮ್ಮೇಳನದ ನಂತರ ಸರ್ಕಾರಿ ಯೋಜನೆಗಳಲ್ಲಿ ‘ಜೆಂಡರ್’ ಎಂಬ ಮಾತಿಗೆ ಆದ ಗತಿಯನ್ನೂ ನೆನಪಿಡಬೇಕು. ಪ್ರತಿ ಯೋಜನಾ ವರದಿಯಲ್ಲಿ ಅದಕ್ಕೊಂದು ಕಲಂ ಬಂತು, ಒಂದು ದಿನದ ತರಬೇತಿ ಬಂತು, ಕೇಳಲು ಯಾರಿಗೂ ಇರುಸುಮುರುಸಾಗದ ಪದವಾಯಿತು. ಕಚೇರಿಗಳು ಲಿಂಗತ್ವ ಎಂಬ ಪದವನ್ನು ಇಷ್ಟಪಡುವುದು ಬಹಳ ಸಲ ಅದು ಯಾರನ್ನೂ ಬೆರಳು ಮಾಡಿ ತೋರಿಸುವುದಿಲ್ಲ ಎಂಬ ಕಾರಣಕ್ಕೆ. ಪರಿಕಲ್ಪನೆಯಲ್ಲಿ ತಪ್ಪಿಲ್ಲ, ಅದನ್ನು ಮೊಂಡು ಮಾಡುವ ಕೈಗಳ ಬಗ್ಗೆ ಎಚ್ಚರ ಬೇಕು.

ಈ ಚರ್ಚೆಯಲ್ಲಿ ಬಹುತೇಕ ಯಾರೂ ಹೇಳದ ಒಂದು ಮಾತನ್ನು ಇಲ್ಲಿ ಸೇರಿಸಬೇಕು. ‘ಮಹಿಳೆ’ ಎಂಬ ಪದದ ಇಕ್ಕಟ್ಟನ್ನು ನಮ್ಮ ದೇಶದಲ್ಲಿ ಅತ್ಯಂತ ಬಲವಾಗಿ ಪ್ರಶ್ನಿಸಿದವರು ದಲಿತ ಮಹಿಳೆಯರು. ಬೆಂಗಳೂರಿನ ರೂತ್ ಮನೋರಮಾ ಅವರ ಮುಂದಾಳುತನದಲ್ಲಿ 1995ರಲ್ಲಿ ದಲಿತ ಮಹಿಳೆಯರ ರಾಷ್ಟ್ರೀಯ ಒಕ್ಕೂಟ ಕಟ್ಟಿದಾಗ ಅವರು ಕೇಳಿದ್ದು, ನೀವು ಮಹಿಳೆ ಎನ್ನುವಾಗ ಯಾವ ಜಾತಿಯ, ಯಾವ ಕೇರಿಯ ಮಹಿಳೆಯ ಬಗ್ಗೆ ಮಾತನಾಡುತ್ತಿದ್ದೀರಿ ಎಂದು. ಆ ಪ್ರಶ್ನೆಯಿಂದ ನಮ್ಮ ವಿಷಯ ಬೆಳೆಯಿತು, ಹೆಸರು ಬದಲಾಗದೆಯೇ ಬೆಳೆಯಿತು. ಹೊಸ ಹೆಸರಿನ ಉತ್ಸಾಹದಲ್ಲಿ ತಯಾರಾಗುವ ಪಠ್ಯಕ್ರಮಗಳಲ್ಲಿ ಅಮೆರಿಕದ ಸಿದ್ಧಾಂತಗಳಿಗೆ ಎರಡು ಪತ್ರಿಕೆ, ಜಾತಿಗೆ ಅರ್ಧ ಘಟಕ ಇರುವುದನ್ನು ನಾನು ನೋಡಿದ್ದೇನೆ. ನಿಮ್ಮ ಮಂಡಳಿಯ ಮುಂದಿರುವ ಕರಡಿನಲ್ಲಿ ಜಾತಿಗೆ ಎಷ್ಟು ಪುಟ ಇದೆ ಎಂಬುದನ್ನು ದಯವಿಟ್ಟು ಎಣಿಸಿ ನೋಡಿ. ಆ ಎಣಿಕೆ ಹೆಸರಿಗಿಂತ ಹೆಚ್ಚು ಹೇಳುತ್ತದೆ.

ಟ್ರಾನ್ಸ್‌ಜೆಂಡರ್ ವಿದ್ಯಾರ್ಥಿಗಳ ಹೆಸರಿನಲ್ಲಿ ಈ ಬದಲಾವಣೆ ನಡೆಯುವುದಾದರೆ, ಅವರಿಗೆ ನಿಜವಾಗಿ ಏನು ಸಿಗುತ್ತದೆ ಎಂದು ಕೇಳಲೇಬೇಕು. 2014ರಲ್ಲಿ ಸುಪ್ರೀಂ ಕೋರ್ಟ್ ತಮ್ಮ ಲಿಂಗತ್ವವನ್ನು ತಾವೇ ಗುರುತಿಸಿಕೊಳ್ಳುವ ಹಕ್ಕನ್ನು ಎತ್ತಿಹಿಡಿಯಿತು. 2017ರಲ್ಲಿ ಕರ್ನಾಟಕ ಸರ್ಕಾರ ಟ್ರಾನ್ಸ್‌ಜೆಂಡರ್ ನೀತಿಯನ್ನು ತಂದಿತು, 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಶೇಕಡಾ 1ರ ಮೀಸಲಾತಿ ಕೊಟ್ಟಿತು. ಇಷ್ಟಾದರೂ ಒಬ್ಬ ಟ್ರಾನ್ಸ್ ವಿದ್ಯಾರ್ಥಿ ನಿಮ್ಮ ಕ್ಯಾಂಪಸ್ಸಿಗೆ ಬಂದಾಗ ಮೊದಲು ಎದುರಾಗುವುದು ಪ್ರವೇಶದ ಅರ್ಜಿ. ಅದರಲ್ಲಿ ತನ್ನ ಗುರುತನ್ನು ಬರೆಯಲು ಜಾಗವಿದೆಯೇ, ಹತ್ತನೇ ತರಗತಿಯ ಅಂಕಪಟ್ಟಿಯ ಹೆಸರು ಬೇರೆ ಇದ್ದರೆ ಗುಮಾಸ್ತರು ಕಡತವನ್ನು ಹಿಂದಿರುಗಿಸುತ್ತಾರೆಯೇ, ಯಾವ ಹಾಸ್ಟೆಲ್, ಯಾವ ಶೌಚಾಲಯ, ಹಾಜರಿ ಕೂಗುವಾಗ ಯಾವ ಹೆಸರು? ಈ ಯಾವುದೂ ವಿಭಾಗದ ಫಲಕ ಬದಲಿಸುವುದರಿಂದ ಬಗೆಹರಿಯುವುದಿಲ್ಲ, ಇವೆಲ್ಲ ಕುಲಸಚಿವರ ಕಚೇರಿಯ ಕೆಲಸ. ಇಡೀ ವಿಶ್ವವಿದ್ಯಾಲಯ ಮಾಡಬೇಕಾದ ಕೆಲಸವನ್ನು ಒಂದು ಚಿಕ್ಕ ವಿಭಾಗದ ಹೆಸರಿನೊಳಗೆ ಹಾಕಿ ಮುಗಿಸುವ ಅಪಾಯ ಇಲ್ಲಿದೆ. ಹೆಸರು ವಿಸ್ತರಿಸುವ ಠರಾವಿನ ಜೊತೆಯಲ್ಲೇ ಈ ಸುಧಾರಣೆಗಳನ್ನು ಶಿಫಾರಸು ಮಾಡುವ ಇನ್ನೊಂದು ಠರಾವನ್ನು ನೀವು ಮಂಡಿಸಿ. ಪ್ರಸ್ತಾವದ ಹಿಂದಿರುವ ಕಾಳಜಿ ಎಷ್ಟು ಗಟ್ಟಿ ಎಂಬುದು ಆಗ ತಿಳಿಯುತ್ತದೆ.

ಪ್ರವೇಶದ ವಾದದ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ. ಸಹಶಿಕ್ಷಣದ ವಿಶ್ವವಿದ್ಯಾಲಯಗಳಲ್ಲಿ ಹುಡುಗರು ಮಹಿಳಾ ಅಧ್ಯಯನಕ್ಕೆ ಇಂದೂ ಸೇರಬಹುದು, ಅಲ್ಲಲ್ಲಿ ಸೇರಿಯೂ ಇದ್ದಾರೆ. ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಂಥ ಕಡೆ ಈ ವಾದಕ್ಕೆ ಎಡೆಯೇ ಇಲ್ಲ. ಸೀಟುಗಳು ಖಾಲಿ ಉಳಿಯುವುದು ನನ್ನ ಅನುಭವದಲ್ಲಿ ಎರಡು ಕಾರಣಕ್ಕೆ. ಪದವಿ ಮಟ್ಟದಲ್ಲಿ ಈ ವಿಷಯವನ್ನು ಓದದೆ ಬಂದವರಿಗೆ ಇದು ಏನೆಂಬುದೇ ಗೊತ್ತಿರುವುದಿಲ್ಲ, ಮತ್ತು ನೊಂದ ಮಹಿಳೆಯರಿಗೆ ನೆರವಾಗುವ ಸಖಿ ಕೇಂದ್ರ, ಸಾಂತ್ವನ ಕೇಂದ್ರ, ಗ್ರಾಮೀಣ ಜೀವನೋಪಾಯದ ಸಂಜೀವಿನಿ ಯೋಜನೆ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಹುದ್ದೆಗಳಿಗೆ ಹೊರಡುವ ಅಧಿಸೂಚನೆಗಳ ಅರ್ಹತೆಯ ಪಟ್ಟಿಯಲ್ಲಿ ಸಮಾಜಕಾರ್ಯ, ಮನಃಶಾಸ್ತ್ರ ಇರುವಷ್ಟು ನಿಶ್ಚಿತವಾಗಿ ನಮ್ಮ ಪದವಿ ಇರುವುದಿಲ್ಲ. ಇಲಾಖೆಗೆ ಹೋಗಿ ಆ ಪಟ್ಟಿಯಲ್ಲಿ ಪದವಿಯ ಹೆಸರು ಸೇರಿಸಿಸುವ ಕೆಲಸಕ್ಕೆ ಆಡಳಿತದವರು ಒಂದು ಪತ್ರ ಬರೆದರೆ ಪ್ರವೇಶ ಹೆಚ್ಚಲು ಅದೇ ದೊಡ್ಡ ಸಹಾಯ. ಹೆಸರು ಬದಲಾದರೆ ಇಷ್ಟು ವರ್ಷ ಓಡಾಡಿ ಸೇರಿಸಿಸಿದ ಕಡೆಗಳಲ್ಲೂ ಮೊದಲಿನಿಂದ ಓಡಾಡಬೇಕು.

ನಿಮ್ಮ ವಿದ್ಯಾರ್ಥಿನಿಯರ ಪ್ರಶ್ನೆಯೇ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿತು, ಏಕೆಂದರೆ ಅದರ ಬೆಲೆ ತೆರುವವರು ಅವರು. ನೆಟ್ ಪರೀಕ್ಷೆಯಲ್ಲಿ ಈ ವಿಷಯ ‘ಮಹಿಳಾ ಅಧ್ಯಯನ’ ಎಂಬ ಹೆಸರಿನಲ್ಲೇ, 74ನೇ ಸಂಖ್ಯೆಯ ವಿಷಯವಾಗಿ ಇದೆ. ಲಿಂಗತ್ವ ಅಧ್ಯಯನದ ಪದವೀಧರರೂ ಅದನ್ನೇ ಆರಿಸಿಕೊಂಡು ಬರೆಯುತ್ತಾರೆ. ಆದ್ದರಿಂದ ನೆಟ್ ಬಗ್ಗೆ ಹೆದರಬೇಕಾಗಿಲ್ಲ ಎಂದು ಅವರಿಗೆ ಧೈರ್ಯ ಹೇಳಿ. ತೊಡಕು ಬರುವುದು ನೇಮಕಾತಿಯ ಹಂತದಲ್ಲಿ. ಅಧಿಸೂಚನೆಯಲ್ಲಿ ‘ಸಂಬಂಧಿತ ವಿಷಯದಲ್ಲಿ ಸ್ನಾತಕೋತ್ತರ ಪದವಿ’ ಎಂದಿದ್ದು, ನೆಟ್ ಪ್ರಮಾಣಪತ್ರದಲ್ಲಿ ಒಂದು ಹೆಸರು, ಅಂಕಪಟ್ಟಿಯಲ್ಲಿ ಇನ್ನೊಂದು ಹೆಸರು ಇದ್ದರೆ ದಾಖಲೆ ಪರಿಶೀಲಿಸುವವರು ತತ್ಸಮಾನ ಪ್ರಮಾಣಪತ್ರ ಕೇಳುತ್ತಾರೆ. ಸಂದರ್ಶನಕ್ಕೆ ಎರಡು ದಿನ ಇರುವಾಗ ಅದನ್ನು ತರಲು ಕಲಬುರಗಿಯಿಂದಲೋ ಚಾಮರಾಜನಗರದಿಂದಲೋ ವಿಶ್ವವಿದ್ಯಾಲಯಕ್ಕೆ ಓಡುವ ಹುಡುಗಿಯ ಸ್ಥಿತಿಯನ್ನು ಊಹಿಸಿಕೊಳ್ಳಿ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ (ಇಗ್ನೋ) ಈಗಾಗಲೇ ‘ಮಹಿಳಾ ಮತ್ತು ಲಿಂಗತ್ವ ಅಧ್ಯಯನ’ ಎಂಬ ಜೋಡಿ ಹೆಸರಿನಲ್ಲಿ ಎಂ.ಎ. ನಡೆಸುತ್ತಿರುವುದರಿಂದ ಆ ಹೆಸರಿಗೆ ಒಂದು ಪೂರ್ವನಿದರ್ಶನ ಸಿಗುತ್ತದೆ, ಮತ್ತು ಅದರಲ್ಲಿ ‘ಮಹಿಳಾ ಅಧ್ಯಯನ’ ಎಂಬ ಗುರುತು ಉಳಿಯುವುದರಿಂದ ಆಕ್ಷೇಪಣೆಗೆ ಅವಕಾಶ ಕಡಿಮೆ.

ಈಗ ನಿಮ್ಮ ಮುಂದಿರುವ ದಾರಿಗಳನ್ನು ನೋಡೋಣ. ಹೆಸರನ್ನು ಇದ್ದಂತೆಯೇ ಬಿಡುವುದು ಆಡಳಿತದ ದೃಷ್ಟಿಯಿಂದ ಅತ್ಯಂತ ಸುರಕ್ಷಿತ. ಅದರ ಅಪಾಯವೆಂದರೆ ಪಠ್ಯಕ್ರಮವೂ ಇದ್ದಂತೆಯೇ ಉಳಿದು, ಹೊಸ ಪ್ರಶ್ನೆಗಳನ್ನು ಹೊತ್ತು ಬರುವ ಸಂಶೋಧಕರು ಸಮಾಜಶಾಸ್ತ್ರಕ್ಕೋ ಸಾಹಿತ್ಯಕ್ಕೋ ಹೊರಟುಹೋಗುವುದು. ಹೈದರಾಬಾದ್ ವಿಶ್ವವಿದ್ಯಾಲಯ ಕೇಂದ್ರದ ಹೆಸರನ್ನು ಮಹಿಳಾ ಅಧ್ಯಯನ ಎಂದೇ ಉಳಿಸಿಕೊಂಡು ಪದವಿಯನ್ನು ಲಿಂಗತ್ವ ಅಧ್ಯಯನ ಎಂದು ಕೊಡುತ್ತದೆ. ಸಂಸ್ಥೆಯ ಹೆಸರು ಮತ್ತು ಪದವಿಯ ಹೆಸರು ಒಂದೇ ಆಗಿರಬೇಕೆಂಬ ನಿಯಮವಿಲ್ಲ ಎಂಬುದಕ್ಕೆ ಅದು ಸಾಕ್ಷಿ. ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಆ ದಾರಿ ಸುಲಭ, ನಮ್ಮ ರಾಜ್ಯದ ನೇಮಕಾತಿ ಕಚೇರಿಗಳಲ್ಲಿ ಅಂಥ ಪದವಿ ಹಿಡಿದು ಹೋಗುವವರಿಗೆ ನಾನು ಮೇಲೆ ಹೇಳಿದ ತೊಡಕು ಕಾದಿರುತ್ತದೆ. ಹೆಸರನ್ನು ಪೂರ್ತಿ ಬದಲಿಸುವುದರಲ್ಲಿ ವ್ಯಾಪ್ತಿ ಸ್ಪಷ್ಟವಾಗುತ್ತದೆ, ಆದರೆ ಹುದ್ದೆ, ಅನುದಾನ, ಪದವಿ ಮೂರೂ ಒಟ್ಟಿಗೆ ಅಲುಗಾಡುತ್ತವೆ, ಮತ್ತು ಮುಂದೊಂದು ದಿನ ‘ಲಿಂಗತ್ವವನ್ನು ಎಲ್ಲ ವಿಭಾಗಗಳೂ ಕಲಿಸುತ್ತವೆ, ಪ್ರತ್ಯೇಕ ವಿಭಾಗ ಏಕೆ’ ಎಂದು ವಿಲೀನದ ಮಾತು ಬಂದಾಗ ಎದುರು ನಿಲ್ಲುವುದು ಕಷ್ಟ. ಹೊಸ ಹೆಸರು ದಾಳಿಯಿಂದ ರಕ್ಷಿಸುತ್ತದೆ ಎಂಬ ಭ್ರಮೆಯೂ ಬೇಡ. ಹಂಗೇರಿ ಸರ್ಕಾರ 2018ರಲ್ಲಿ ಮಾನ್ಯತೆ ತೆಗೆದುಹಾಕಿದ್ದು ಲಿಂಗತ್ವ ಅಧ್ಯಯನ ಎಂಬ ಹೆಸರಿನ ಸ್ನಾತಕೋತ್ತರ ಪದವಿಗೇ. ಜೋಡಿ ಹೆಸರಿನಲ್ಲೂ ಒಂದು ಅಪಾಯವಿದೆ: ‘ಮತ್ತು’ ಎಂಬುದರ ಆಚೆಗೆ ಏನೂ ನಡೆಯದೆ, ಹಳೆಯ ಪಠ್ಯಕ್ಕೆ ಕೊನೆಯಲ್ಲಿ ಒಂದು ಘಟಕ ಅಂಟಿಸಿ ಕೈತೊಳೆದುಕೊಳ್ಳುವುದು. ಆದರೆ ಈ ಅಪಾಯವನ್ನು ತಡೆಯುವ ಶಕ್ತಿ ಅಧ್ಯಯನ ಮಂಡಳಿಯ ಕೈಯಲ್ಲೇ ಇದೆ, ಉಳಿದ ಅಪಾಯಗಳು ಆ ಕೈಗೆ ಸಿಗುವಂಥವಲ್ಲ. ನಾನು ಜೋಡಿ ಹೆಸರನ್ನು ಆರಿಸಿಕೊಳ್ಳುವುದು ಈ ಕಾರಣಕ್ಕೆ.

ಸಭೆಯಲ್ಲಿ ನೀವು ಮೊದಲು ಕೇಳಬೇಕಾದ್ದು ಪರಿಷ್ಕೃತ ಪಠ್ಯಕ್ರಮವನ್ನು. ಪಠ್ಯ ಮೊದಲು, ಹೆಸರು ಆಮೇಲೆ ಎಂದು ಪಟ್ಟು ಹಿಡಿಯಿರಿ. ದುಡಿಮೆ, ಆಸ್ತಿ, ಆರೋಗ್ಯ, ಮಹಿಳಾ ಚಳವಳಿಯ ಇತಿಹಾಸ, ಜಾತಿ ಮತ್ತು ಹೆಣ್ಣು ಎಂಬ ಪತ್ರಿಕೆಗಳು ಕಡ್ಡಾಯವಾಗಿ ಉಳಿಯಬೇಕು, ಐಚ್ಛಿಕದ ಪಟ್ಟಿಗೆ ಜಾರಬಾರದು. ಪುರುಷತ್ವ, ಲಿಂಗತ್ವ ಅಲ್ಪಸಂಖ್ಯಾತರ ಬದುಕು ಮತ್ತು ಕಾನೂನಿಗೆ ಪೂರ್ಣ ಪತ್ರಿಕೆಗಳು ಬೇಕು, ಅವುಗಳನ್ನು ಕಲಿಸಲು ಆ ಸಮುದಾಯದ ವಿದ್ವಾಂಸರನ್ನು ಗೌರವಧನ ಕೊಟ್ಟು ಕರೆಯುವ ಅವಕಾಶ ಬೇಕು. ಕ್ಷೇತ್ರಕಾರ್ಯದ ಅಂಕ ಕಡಿಮೆಯಾಗಬಾರದು. ಈಗಿರುವ ಎಲ್ಲ ಮಂಜೂರಾದ ಹುದ್ದೆಗಳೂ ರೋಸ್ಟರ್ ಸಹಿತ ಹೊಸ ಹೆಸರಿನ ವಿಭಾಗದಲ್ಲಿ ಮುಂದುವರಿಯುತ್ತವೆ, ವಿಭಾಗವನ್ನು ಬೇರೆ ವಿಭಾಗದೊಂದಿಗೆ ವಿಲೀನಗೊಳಿಸುವ ಉದ್ದೇಶವಿಲ್ಲ ಎಂಬುದು ನಡಾವಳಿಯಲ್ಲಿ ಬರಬೇಕು, ಮತ್ತು ಅದು ವಿದ್ಯಾವಿಷಯಕ ಪರಿಷತ್ತು, ಸಿಂಡಿಕೇಟ್‌ಗಳಿಗೆ ಹೋಗುವ ಟಿಪ್ಪಣಿಯ ಭಾಗವಾಗಿರಬೇಕು. ಬಾಯಿಮಾತಿನ ಭರವಸೆಗೆ ಕುಲಪತಿಗಳ ಅವಧಿಯಷ್ಟೇ ಆಯುಸ್ಸು. ಈಗಾಗಲೇ ಸೇರಿರುವ ವಿದ್ಯಾರ್ಥಿನಿಯರಿಗೆ ಹಳೆಯ ಹೆಸರಿನಲ್ಲಿ ಪದವಿ ಪಡೆಯುವ ಆಯ್ಕೆ ಇರಬೇಕು, ಎರಡೂ ಪದವಿಗಳು ತತ್ಸಮಾನ ಎಂಬ ಸುತ್ತೋಲೆ ಹೆಸರು ಬದಲಾವಣೆಯ ಆದೇಶದ ದಿನವೇ ಹೊರಡಬೇಕು ಮತ್ತು ಅದರ ಪ್ರತಿ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಶಾಶ್ವತವಾಗಿ ಸಿಗುವಂತಿರಬೇಕು.

ಇಷ್ಟಕ್ಕೂ ಮಂಡಳಿ ಒಪ್ಪಿದರೆ ಧೈರ್ಯವಾಗಿ ಕೈ ಎತ್ತಿ. ಷರತ್ತುಗಳನ್ನು ಆಮೇಲೆ ನೋಡೋಣ, ಹೆಸರನ್ನು ಮೊದಲು ಪಾಸು ಮಾಡೋಣ ಎಂದರೆ ವಿರೋಧಿಸಿ, ನಿಮ್ಮ ಭಿನ್ನಾಭಿಪ್ರಾಯವನ್ನು ಕಾರಣ ಸಹಿತ ಲಿಖಿತವಾಗಿ ಕೊಟ್ಟು ನಡಾವಳಿಗೆ ಲಗತ್ತಿಸುವಂತೆ ಅಧ್ಯಕ್ಷರನ್ನು ಕೋರಿ. ಸಭೆಗೆ ಮುಂಚೆ ವಿಭಾಗದ ಹಿರಿಯರನ್ನೂ ಕಿರಿಯ ಸಂಶೋಧಕರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಪಠ್ಯಕ್ರಮದ ಕರಡನ್ನು ಪತ್ರಿಕೆಯಿಂದ ಪತ್ರಿಕೆಗೆ ಓದಿಸಲು ಸಾಧ್ಯವಾದರೆ ಓದಿಸಿ, ಎಂ.ಎ. ವಿದ್ಯಾರ್ಥಿನಿಯರ ಇಬ್ಬರು ಪ್ರತಿನಿಧಿಗಳನ್ನೂ ಕರೆಯಿರಿ. ಹೆಸರಿನ ಬಗ್ಗೆ ಜಗಳವಾಡುವವರು ಪತ್ರಿಕೆಗಳ ಬಗ್ಗೆ ಮಾತನಾಡತೊಡಗಿದಾಗ ಬಹಳಷ್ಟು ಕಡೆ ಒಮ್ಮತಕ್ಕೆ ಬರುವುದನ್ನು ನಾನು ಕಂಡಿದ್ದೇನೆ. ಆ ಕರಡನ್ನು ನನಗೂ ಕಳುಹಿಸಿದರೆ ಓದಿ, ಸಭೆಯ ಮೊದಲೇ ಟಿಪ್ಪಣಿ ಬರೆದು ಕಳುಹಿಸುತ್ತೇನೆ.